ಕಪ್ಪೆಗೆ ದೊಡ್ಡ ಗಂಟಲು ಬಂದದ್ದು

ಲೋಕ ಇನ್ನೂ ಹಸಿಹಸಿಯಾಗಿತ್ತು. ಬೆಟ್ಟಗಳು ಆಗಷ್ಟೇ ಎದ್ದು ಕೂತಿದ್ದವು. ಹಳ್ಳಗಳು ಎತ್ತ ಹರಿಯೋಣ ಎಂದು ಒಂದನ್ನೊಂದು ಕೇಳುತ್ತಿದ್ದವು. ಆಗ ಕಪ್ಪೆಯ ದನಿ ಇಷ್ಟೇ ಇಷ್ಟು. ಪಕ್ಕದಲ್ಲಿ ಕೂತವರಿಗೂ ಕೇಳಿಸುತ್ತಿರಲಿಲ್ಲ.

ಆಗ ಜನರಿಗೆ ದಾರಿಯೂ ಇರಲಿಲ್ಲ. ಸೂಲಗಿತ್ತಿ ಇದ್ದದ್ದು ಬೆಟ್ಟದ ಆಚೆ ಊರಲ್ಲಿ. ಕೆಂಚವ್ವ ಎಂಬಾಕೆಯ ತಂಗಿ ಹೆರಿಗೆಗೆಂದು ಹೊರಟು, ಮುಳ್ಳುಕಂಟಿಯ ನಡುವೆಯೇ ಪ್ರಾಣ ಬಿಟ್ಟಳು.

"ಇನ್ಯಾರಿಗೂ ಹೀಗಾಗಬಾರದು" ಎಂದು ಕೆಂಚವ್ವ ಗುದ್ದಲಿ ಹಿಡಿದಳು. ಊರೇ ಅವಳ ಜೊತೆ ನಿಂತಿತು. ಕಲ್ಲು ಹೊತ್ತರು, ಮಣ್ಣು ತುಂಬಿದರು. ಬೆಟ್ಟಕ್ಕೂ ಕೆರೆಗೂ ನಡುವೆ, ಆಚೆ ಊರಿಗೆ ಹೋಗುವ ಎತ್ತರದ ದಾರಿ ಎದ್ದಿತು.

ಮೊದಲ ಮಳೆ ಬಿತ್ತು. ಕಪ್ಪೆಗಳು ಮೊಟ್ಟೆಯಿಡಲು ಬೆಟ್ಟದಿಂದ ಕೆರೆಗೆ ಹೊರಟವು. ಕುಪ್ಪಳಿಸಿ ಕುಪ್ಪಳಿಸಿ ದಾರಿ ಹತ್ತಿದವು. ಗಾಡಿಗಳು ಬಂದವು. ಗಾಡಿಯವರಿಗೆ ಕಪ್ಪೆ ಕಾಣಲಿಲ್ಲ, ಕಪ್ಪೆಯ ಕೂಗು ಕೇಳಲಿಲ್ಲ. ಎಷ್ಟೋ ಕಪ್ಪೆಗಳು ಕೆರೆ ಸೇರಲೇ ಇಲ್ಲ.

ಮರುದಿನ ದುಂಡಣ್ಣ ಎಂಬ ಹಿರಿಯ ಕಪ್ಪೆ ದಾರಿಯ ನಟ್ಟನಡುವೆ ಹೋಗಿ ಕೂತ. ಕೆಂಚವ್ವನ ಗಾಡಿ ಬಂತು. ಎತ್ತು ಅವನನ್ನು ಕಂಡು ಗಕ್ಕನೆ ನಿಂತಿತು.

"ಬಗ್ಗಿ ಕೇಳವ್ವ, ಏನೋ ಹೇಳ್ತಿದ್ದಾನೆ" ಎಂದಿತು ಗಾಳಿ.

ಕೆಂಚವ್ವ ಇಳಿದು, ಬಗ್ಗಿ, ನೆಲಕ್ಕೆ ಕಿವಿ ಹಚ್ಚಿದಳು.

"ಅಕ್ಕಾ, ನಮ್ಮ ಕೆರೆ ಆ ಕಡೆ ಇದೆ. ನಡುವೆ ನಿನ್ನ ದಾರಿ."

"ದಾರಿ ಬೇಕೇ ಬೇಕು ಕಣಪ್ಪ. ಇದಿಲ್ಲದೆ ನನ್ನ ತಂಗಿ ಹೋದಳು."

"ದಾರಿ ಬೇಡ ಅಂತ ನಾನೆಲ್ಲಿ ಅಂದೆ? ನಮ್ಮ ಹೆಂಗಸರೂ ಹೆರಿಗೆಗೇ ಹೊರಟವರು, ಅಕ್ಕ."

ಕೆಂಚವ್ವ ದುಂಡಣ್ಣನನ್ನು ಎತ್ತಿ ದಾರಿಯಂಚಿಗೆ ಬಿಟ್ಟಳು. ಆಮೇಲೆ ಊರವರನ್ನು ಕರೆದಳು.

"ಬೇಸಿಗೆಯಿಡೀ ಬೆವರು ಸುರಿಸಿ ಕಟ್ಟಿದ್ದನ್ನು ಕಪ್ಪೆಗೋಸ್ಕರ ಕೀಳೋದಾ?" ಎಂದು ಊರ ಹಿರಿಯ ಕರಿಯಣ್ಣ ಸಿಡುಕಿದ.

"ಕೀಳೋದು ಬೇಡ ಮಾವ. ದಾರಿಗೊಂದು ಬಾಗಿಲಿಡೋಣ" ಎಂದು ಕೆಂಚವ್ವ ತಾನೇ ಮೊದಲ ಕಲ್ಲು ಸರಿಸಿದಳು.

ದಾರಿಯ ಅಡಿಯಲ್ಲಿ ಮಣ್ಣು ತೋಡಿದರು. ಎರಡು ಕಡೆ ಕಲ್ಲು ನಿಲ್ಲಿಸಿ, ಮೇಲೆ ಚಪ್ಪಡಿ ಹಾಸಿದರು. ಅದೇ ಮೊದಲ ಮೋರಿ.

ಮತ್ತೆ ಮಳೆ ಬಂತು. ದುಂಡಣ್ಣ ಎಲ್ಲರಿಗಿಂತ ಮುಂಚೆ ಮೋರಿಯೊಳಗೆ ಹೋದ. ಉಳಿದ ಕಪ್ಪೆಗಳು ಮಾತ್ರ ಹಳೇ ಅಭ್ಯಾಸಕ್ಕೆ ದಾರಿಯ ಮೇಲೇ ಹತ್ತುತ್ತಿದ್ದವು. ಅಷ್ಟರಲ್ಲಿ ಹೆರಿಗೆ ನೋವು ತಿನ್ನುತ್ತಿದ್ದ ಈರಕ್ಕನನ್ನು ಹೊತ್ತ ಗಾಡಿ ದಡದಡ ಬಂತು!

"ಇತ್ತ ಬನ್ನಿ!" ಎಂದು ದುಂಡಣ್ಣ ಗಂಟಲು ಉಬ್ಬಿಸಿ ಕೂಗಿದ.

ಮೋರಿಯ ಕಲ್ಲುಗಳು ಆ ಪುಟ್ಟ ದನಿಯನ್ನು ಹಿಡಿದು ತಿರುಗಿಸಿ, ಹತ್ತು ಪಟ್ಟು ದೊಡ್ಡದು ಮಾಡಿ ಹೊರಗೆ ಎಸೆದವು. ವಟರ್ರ್! ವಟರ್ರ್! ದುಂಡಣ್ಣನೇ ಬೆಚ್ಚಿಬಿದ್ದ. ಬೆಟ್ಟದ ಕಪ್ಪೆಗಳೆಲ್ಲ ತಿರುಗಿ, ದುಡುದುಡು ಕೆಳಗಿಳಿದು ಮೋರಿ ಹೊಕ್ಕವು. ಮೇಲೆ ಗಾಡಿ ನಿಲ್ಲದೆ ಓಡಿತು, ಕೆಳಗೆ ಕಪ್ಪೆಗಳು ಓಡಿದವು. ಒಂದೂ ಸಾಯಲಿಲ್ಲ!

ಈರಕ್ಕನಿಗೆ ಹೆಣ್ಣುಮಗು ಹುಟ್ಟಿತು. ಕೆರೆಯ ತುಂಬ ಮೊಟ್ಟೆ ತೇಲಿತು. ಕೆಂಚವ್ವ ಮಳೆಯಲ್ಲೇ ನಿಂತು ಚಪ್ಪಾಳೆ ತಟ್ಟಿದಳು. ದುಂಡಣ್ಣನ ಉಬ್ಬಿದ ಗಂಟಲು ಅವನ ಕುಲದ ಗಂಡುಕಪ್ಪೆಗಳಿಗೆಲ್ಲ ಹಾಗೇ ಉಳಿಯಿತು.

ಅದಕ್ಕೇ ಮಗು, ಇವತ್ತಿಗೂ ಮೊದಲ ಮಳೆ ಬಿದ್ದ ಕೂಡಲೇ ರಸ್ತೆಯ ಮೋರಿಯಿಂದ ಕಪ್ಪೆಗಳು ಗಂಟಲುಬ್ಬಿಸಿ ಕೂಗುತ್ತವೆ, ಹಿಂದೆ ಬರುವವರಿಗೆಲ್ಲ "ಇಲ್ಲಿದೆ ದಾರಿ, ಬನ್ನಿ" ಎಂದು.