ಬೆನ್ನುಗುಡ್ಡದ ಗಡಿಗೆ ಮನೆಗಳು

ಕರೇಹಾಳ ಊರಿನ ಮೂಡಣಕ್ಕೆ, ಹಾಳುಬಿದ್ದ ದೇಸಾಯರ ವಾಡೆಗೆ ಎದುರಾಗಿ, ಒಂದು ಬೋಳು ಕಲ್ಲುಗುಡ್ಡವಿದೆ. ಅದರ ಹೆಸರು ಬೆನ್ನುಗುಡ್ಡ. ದೂರದಿಂದ ನೋಡಿದರೆ ಮಲಗಿದ ಎತ್ತಿನ ಬೆನ್ನಿನಂತೆ ಕಾಣುವುದರಿಂದ ಈ ಹೆಸರು ಬಂತೆಂದು ಈಚೆಗೆ ಯಾರೋ ನೆಟ್ಟ ಫಲಕವೊಂದು ಹೇಳುತ್ತದೆ. ಶುದ್ಧ ಸುಳ್ಳು. ಯಾವ ಮೂಲೆಯಲ್ಲಿ ನಿಂತು ನೋಡಿದರೂ ಅದು ಎತ್ತಿನಂತೆ ಕಾಣುವುದಿಲ್ಲ. ಫಲಕ ಬರೆದವರು ಗುಡ್ಡ ಹತ್ತಿಲ್ಲ, ಹತ್ತಿದವರನ್ನು ಕೇಳಿಯೂ ಇಲ್ಲ. ಗುಡ್ಡದ ಇಳಿಜಾರಿನಲ್ಲಿರುವ ಕುಂಬಾರರ ಮನೆಗಳನ್ನು ನೋಡಲು ಪಟ್ಟಣದಿಂದ ಜನ ಬರುತ್ತಾರೆ. ಗೋಡೆಗೆ ಇಟ್ಟಿಗೆಯಿಲ್ಲ, ಸೂರಿಗೆ ತೊಲೆಯಿಲ್ಲ. ಎಲ್ಲವೂ ಸುಟ್ಟ ಗಡಿಗೆ ಮತ್ತು ಕೆಸರು. ಬೇಸಿಗೆಯಲ್ಲಿ ಎಷ್ಟು ತಂಪು, ಎಷ್ಟು ಅಗ್ಗ ಎಂದು ಹೊಗಳುತ್ತಾರೆ, ಗೋಡೆ ತಟ್ಟಿ ನೋಡುತ್ತಾರೆ, ಫೋಟೋ ಹಿಡಿಯುತ್ತಾರೆ. ಇವನ್ನು ಯಾಕೆ ಹೀಗೆ ಕಟ್ಟಿದರು ಎಂದು ಮಾತ್ರ ಒಬ್ಬರೂ ಕೇಳುವುದಿಲ್ಲ. ಚೆಂದಕ್ಕಂತೂ ಕಟ್ಟಲಿಲ್ಲ.

ಹಿಂದೆ ಒಮ್ಮೆ, ವಾಡೆಯಲ್ಲಿ ಲಕ್ಕಣ್ಣ ದೇಸಾಯಿಯ ದರ್ಬಾರು ನಡೆದಿದ್ದಾಗ, ಕುಂಬಾರಗೇರಿ ಇದ್ದದ್ದು ಕೆರೆಯ ದಂಡೆಯ ಮೇಲೆ ಎನ್ನುತ್ತಾರೆ. ದೇಸಾಯಿ ಹೊಸದಾಗಿ ಕುದುರೆಗಳನ್ನು ತರಿಸಿದ. ಅವಕ್ಕೆ ನೀರಿನ ಹತ್ತಿರವೇ ಲಾಯ ಬೇಕೆನಿಸಿತು. ಅಷ್ಟಕ್ಕೆ ಒಂದು ಗೇರಿ ಪೂರ್ತಿ ನೆಲಸಮವಾಯಿತು. ಕೆಡವಿದ ಮನೆಗಳ ತೊಲೆ, ಜಂತಿ, ಕಲ್ಲು ಎಲ್ಲವನ್ನೂ ಲಾಯಕ್ಕೆ ಹೊತ್ತೊಯ್ದರು. ಹೊತ್ತದ್ದು ಕುಂಬಾರರೇ. ಅವರು ಬೇಕಾದರೆ ಗುಡ್ಡದ ಮೇಲೆ ಇರಲಿ, ಆದರೆ ಅಲ್ಲಿನ ಕಲ್ಲು ಸೀಳಕೂಡದು, ಅಡವಿಯ ಮರ ಕಡಿಯಕೂಡದು ಎಂದು ಡಂಗುರ ಹೊಡೆಸಿದರು. ಕಲ್ಲೂ ಇಲ್ಲ, ಮರವೂ ಇಲ್ಲ ಎಂದ ಮೇಲೆ ಮನೆಯನ್ನು ಗಾಳಿಯಲ್ಲಿ ಕಟ್ಟಬೇಕಿತ್ತೇನೋ.

ಆ ಗೇರಿಯ ಹಿರಿಯಳು ತಿಪ್ಪವ್ವ. ಗಂಡ ಹೋಗಿ ಬಹಳ ದಿನವಾಗಿತ್ತು. ಮಗ ಆ ಬೇಸಿಗೆಯಲ್ಲಿ ಜ್ವರ ಬಂದು ತೀರಿಕೊಂಡಿದ್ದ. ಅವನು ಬಿಟ್ಟುಹೋದದ್ದು ಸೊಸೆ ಹಂಪವ್ವನ ಹೊಟ್ಟೆಯಲ್ಲಿದ್ದ ಕೂಸೊಂದೇ. ಸೊಸೆಗೆ ದಿನ ತುಂಬುತ್ತ ಬಂದಿತ್ತು, ಮಳೆಗಾಲ ಹಿಡಿದಿತ್ತು, ತಲೆಯ ಮೇಲೆ ಸೂರಿರಲಿಲ್ಲ. ಹೆರಿಗೆ ಆಗುವ ತನಕ ಒಂದು ಕೋಣೆ ಕೊಡಿರೆಂದು ಕೇಳಲು ತಿಪ್ಪವ್ವ ವಾಡೆಗೆ ಹೋಗಿ ಅಂಗಳದಲ್ಲಿ ನಿಂತಳು. ದೇಸಾಯಿ ಎಲೆ ಅಡಿಕೆ ಜಗಿಯುತ್ತಿದ್ದ.

“ಗಡಿಗಿ ಮಾಡೋ ಮಂದಿಗೆ ಮನಿ ಯಾಕ ಬೇಕು? ಗಡಿಗ್ಯಾಗ ಹೊಕ್ಕೊಂಡು ಇರ್ರಿ” ಅಂದ. ಸುತ್ತ ಕೂತವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಹೊರಗೆ ಬಂದ ತಿಪ್ಪವ್ವ ನೆಟ್ಟಗೆ ಗಡಿಗೆ ಸುಡುವ ಹಳೆಯ ಆವಿಗೆಯ ಹಿಂದಿನ ರಾಶಿಗೆ ಹೋದಳು. ಸುಡುವಾಗ ಸೊಟ್ಟಗಾದ, ಸೀಳುಬಿಟ್ಟ ಗಡಿಗೆಗಳು ಅಲ್ಲಿ ತಲೆತಲಾಂತರದಿಂದ ಬಿದ್ದಿದ್ದವು. ದೇಸಾಯಿಗೆ ಬೇಡವಾದದ್ದು ಊರಲ್ಲಿ ಅದೊಂದೇ. ತಲೆಯ ಮೇಲೆ ಹೊತ್ತು ಗುಡ್ಡಕ್ಕೆ ಸಾಗಿಸಿದಳು. ಗಡಿಗೆಗಳನ್ನು ಅಡ್ಡ ಮಲಗಿಸಿ, ನಡುವೆ ಕೆಸರು ತುಂಬಿ ಗೋಡೆ ಎಬ್ಬಿಸಿದಳು. ಕೆರೆಯ ತೂಬಿಗೆಂದು ಕುಂಬಾರರು ತಳವಿಲ್ಲದ ಉದ್ದನೆಯ ಕೊಳವೆಗಳನ್ನು ಮಾಡುತ್ತಿದ್ದರು. ಅಂಥವನ್ನು ಒಂದರ ಬಾಲ ಇನ್ನೊಂದರ ಬಾಯಿಗೆ ಸಿಕ್ಕಿಸಿ, ಬಿಲ್ಲಿನಂತೆ ಬಾಗಿಸಿ, ಸಾಲಿಗೆ ಸಾಲು ಕೂರಿಸಿ ಮೇಲೆ ಕೆಸರು ಮೆತ್ತಿದಳು. ಒಂದು ಕಡ್ಡಿಯನ್ನೂ ಬಳಸದೆ ಸೂರು ನಿಂತಿತು. ಮೊದಮೊದಲು ಇವಳಿಗೆ ತಲೆ ಕೆಟ್ಟಿತೆಂದ ಗೇರಿಯವರು ಆಮೇಲೆ ತಾವೂ ಕೈ ಹಚ್ಚಿದರು. ಆದರೆ ಒಂದು ತಪ್ಪಾಯಿತು. ಸಂತೆಯಲ್ಲಿ ಗಡಿಗೆಯ ಬಾಯಿ ಕೊಳ್ಳುವವರ ಕಡೆಗಿರಬೇಕು. ಕುಂಬಾರರ ಕೈಗೆ ಹುಟ್ಟಿನಿಂದ ಅದೇ ರೂಢಿ. ಯೋಚನೆಯೇ ಇಲ್ಲದೆ ಅವರು ಎಲ್ಲ ಗಡಿಗೆಗಳನ್ನೂ ಬಾಯಿ ಹೊರಗೆ ಮಾಡಿ, ವಾಡೆಗೆ ಎದುರಾಗಿ ಕೂರಿಸಿಬಿಟ್ಟಿದ್ದರು.

ಪಡುವಣದ ಮಳೆಗಾಳಿ ಬೀಸಿದ ದಿನ ಅಷ್ಟೂ ಬಾಯಿಗಳು ಒಟ್ಟಿಗೆ ಹೂಂಕರಿಸಿದವು. ಕೆರೆ ದಾಟಿ ಆ ಸದ್ದು ವಾಡೆಗೆ ಕೇಳಿಸಿತು. ಕುಂಬಾರರ ಮನೆ ತನಗೆ ಬಾಯಿ ಮಾಡುತ್ತಿದೆಯೆಂದು ದೇಸಾಯಿ ಕೆರಳಿ, ಆಳುಗಳನ್ನು ಕರೆದುಕೊಂಡು ಗುಡ್ಡಕ್ಕೆ ಬಂದ. ಅದೇ ಹೊತ್ತಿಗೆ ಒಳಗೆ ಹಂಪವ್ವನಿಗೆ ನೋವು ಎದ್ದಿತ್ತು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಬೇವು ಕಟ್ಟಿದ ಮನೆಯೊಳಗೆ ಹೊರಗಿನ ಗಂಡಸು ಕಾಲಿಡುವಂತಿಲ್ಲ. ಅದು ಎಂಥ ಆಳಿಗೂ ಗೊತ್ತು. ಅವರು ಹಿಂಜರಿದು ನಿಂತರು. ತಿಪ್ಪವ್ವ ಬಾಗಿಲಿಗೆ ಅಡ್ಡ ನಿಂತು, ಕೂಸು ನೆಲಕ್ಕೆ ಬೀಳುವವರೆಗಾದರೂ ತಡೆಯಿರೆಂದು ಕೈ ಮುಗಿದಳು. ಅವಳು ಅವನಿಗೆ ಕೈ ಮುಗಿದದ್ದು ಅದೇ ಕೊನೆ.

“ಒಳಗ ಯಾಕ ಹೋಗ್ತೀರಿ? ಹೊರಗಿಂದ ಕೆಡವ್ರಿ” ಎಂದ ದೇಸಾಯಿ.

ಹಾರೆಗಳು ಬಿದ್ದವು. ಗೋಡೆ ಒಡೆಯಿತು, ಅದರ ಮೇಲೆ ಸೂರು ಕುಸಿಯಿತು. ಹೆಂಗಸರು ಹಂಪವ್ವನನ್ನು ಹಿಂದಿನಿಂದ ಎಳೆದುಕೊಂಡು ಬಂಡೆಯ ಮರೆಗೆ ತಂದರು. ಕೂಸು ಸುರಿಯುವ ಮಳೆಯಲ್ಲಿ ಹುಟ್ಟಿತು. ಗಂಡು. ಒಂದೇ ಸಲ ಅತ್ತಿತು, ಆಮೇಲೆ ತಣ್ಣಗಾಯಿತು. ಕುದುರೆಗಳು ಆ ದಿನ ಲಾಯದಲ್ಲಿ ಬೆಚ್ಚಗೆ ನಿಂತಿದ್ದವು.

ತಿಪ್ಪವ್ವ ಅಳಲಿಲ್ಲ ಎನ್ನುತ್ತಾರೆ. ಮಾರನೆಯ ದಿನವೇ ಮತ್ತೆ ಗಡಿಗೆ ಹೊರತೊಡಗಿದಳು. ಈ ಸಲ ಬಾಯಿಗಳೆಲ್ಲ ಒಳಗೆ, ತಳಗಳೆಲ್ಲ ಹೊರಗೆ, ವಾಡೆಯ ಕಡೆಗೆ. ಆ ಸೀಮೆಯ ಯಾವ ಮನೆಯಾದರೂ ವಾಡೆಗೆ ಮುಖ ಮಾಡಿರಬೇಕು, ಬೆಳಿಗ್ಗೆ ಬಾಗಿಲು ತೆಗೆದವರು ಅತ್ತ ಕೈ ಮುಗಿಯಬೇಕು ಎಂಬ ಕಟ್ಟಳೆಯಿತ್ತು. ಅವಳು ಬಾಗಿಲನ್ನು ಮೇಲಿನ ಬಂಡೆಯ ಕಡೆಗೆ ಇಟ್ಟಳು. ಗುಡ್ಡದ ನೀರು ಬಾಗಿಲಿಗೇ ಇಳಿಯುತ್ತದಲ್ಲವ್ವಾ ಎಂದವರಿಗೆ, ಇಳಿಯಲಿ, ಬಳಿದು ಹಾಕುತ್ತೇನೆ, ಆ ಮುಖ ನೋಡಲಾರೆ ಎಂದಳಂತೆ. ಅವಳನ್ನು ನೋಡಿ ಇಡೀ ಗೇರಿ ಹಾಗೆಯೇ ಕಟ್ಟಿಕೊಂಡಿತು. ದೇಸಾಯಿ ಮತ್ತೆ ಕೆಡವಲು ಹೇಳಿದ. ಆದರೆ ಬಾಣಂತಿ ಮನೆ ಒಡೆದು ಬಂದ ಆಳುಗಳಿಗೆ ಅವರವರ ಹೆಂಡಂದಿರೇ ಅನ್ನ ಹಾಕಿರಲಿಲ್ಲ. ಹಾರೆ ಮುಟ್ಟಲು ಒಬ್ಬನೂ ಒಪ್ಪಲಿಲ್ಲ. ವಾಡೆಯ ಮಾಳಿಗೆಯ ಮೇಲೆ ನಿಂತಾಗಲೆಲ್ಲ ದೇಸಾಯಿಗೆ ಎದುರಿಗೆ ಕಂಡದ್ದು ಮನೆಗಳ ಬೆನ್ನುಗಳೇ. ಜನ ಗುಡ್ಡವನ್ನು ಬೆನ್ನುಗುಡ್ಡ ಎಂದರು. ಅವನು ಬದುಕಿರುವಾಗಲೇ, ಅವನ ಕಿವಿಗೆ ಬೀಳುವಂತೆಯೇ ಎಂದರು.

ಕೆಲವು ವರ್ಷಗಳ ಮೇಲೆ ದೇಸಾಯಿ ಸತ್ತ. ಹೆಣದ ಮುಂದೆ ಹಿರಿಯ ಮಗ ಹೊಸ ಗಡಿಗೆಯಲ್ಲಿ ಬೆಂಕಿ ಹಿಡಿದು ನಡೆಯಬೇಕು. ಎಂಥ ದೊಡ್ಡವರ ಮನೆಯ ಹೆಣವಾದರೂ ಅದಿಲ್ಲದೆ ಅಂಗಳ ದಾಟುವುದಿಲ್ಲ. ಸುತ್ತಲಿನ ಊರುಗಳ ಕುಂಬಾರರೆಲ್ಲ ಕರೇಹಾಳದವರಿಗೆ ಬೀಗರು. ಆಳು ಹೋದಲ್ಲೆಲ್ಲ ಗಡಿಗೆ ಇಲ್ಲವೆಂದರು. ಕೊನೆಗೆ ದೇಸಾಯಿಯ ಮಗನೇ ಬರಿಗಾಲಲ್ಲಿ ಗುಡ್ಡ ಹತ್ತಿ ಬಂದ. ತಿಪ್ಪವ್ವನ ಅಂಗಳದಲ್ಲಿ ಆಗಷ್ಟೇ ಸುಟ್ಟು ತೆಗೆದ ಗಡಿಗೆಗಳ ಸಾಲೇ ಇತ್ತು. ಅವನು ಒಂದು ಗಡಿಗೆ ಬೇಡಿದ, ಕೇಳಿದಷ್ಟು ಕೊಡುತ್ತೇನೆಂದ. ಅವಳು ಹಸಿ ಗಡಿಗೆ ಬಡಿಯುತ್ತಿದ್ದವಳು ತಲೆ ಎತ್ತಲಿಲ್ಲ.

“ಇವು ನಿಮಗಲ್ಲ. ನಿಮ್ಮಪ್ಪ ಒಡದ ಗಡಿಗಿ ಕೆಳಗ ಬಿದ್ದಾವ. ನನ್ನ ಮೊಮ್ಮಗನ ಮನಿ ಅದು. ಅದರಾಗ ಒಂದು ಚೂರು ಆರಿಸಿಕೊಂಡು ಹೋಗು.”

ಅವನು ಇಳಿದುಹೋಗಿ, ಬಗ್ಗಿ, ಬೋಕಿಯೊಂದನ್ನು ಆರಿಸಿಕೊಂಡ. ಲಕ್ಕಣ್ಣ ದೇಸಾಯಿಯ ಹೆಣದ ಮುಂದೆ ಬೆಂಕಿ ಹೋದದ್ದು ಆ ಒಡಕು ಚೂರಿನ ಮೇಲೆ.

ಇಂದಿಗೂ ಗುಡ್ಡದ ಬುಡದಲ್ಲಿ ಬೋಕಿಗಳ ರಾಶಿಯೊಂದು ಹರಡಿಕೊಂಡಿದೆ. ನೋಡಲು ಬಂದವರು ಅದನ್ನು ಕಸವೆಂದು ತಿಳಿದು ತುಳಿದುಕೊಂಡೇ ಮೇಲೆ ಹತ್ತುತ್ತಾರೆ. ದೇಸಾಯರ ಮನೆತನದವರು ಈಗ ಊರೂರು ಸೇರಿದ್ದಾರೆ. ಆದರೂ ಅವರಲ್ಲಿ ಯಾರು ತೀರಿಕೊಂಡರೂ ಒಬ್ಬರು ಕಾರು ಮಾಡಿಕೊಂಡು ಇಲ್ಲಿಗೆ ಬಂದು, ಚಪ್ಪಲಿ ಕಳಚಿ, ಬಗ್ಗಿ ಒಂದು ಚೂರು ಆರಿಸಿಕೊಂಡು ಹೋಗುತ್ತಾರೆ. ಆ ಹೊತ್ತಿನಲ್ಲಿ ನೀವು ಅಲ್ಲಿದ್ದರೆ ಒಮ್ಮೆ ಗುಡ್ಡದ ಕಡೆ ನೋಡಿ. ಕೆಲಸಕ್ಕೆಂದು ಹೊರಗಿದ್ದ ಕುಂಬಾರರು ಒಬ್ಬೊಬ್ಬರಾಗಿ ಎದ್ದು, ಬಾಗಿಲಿರುವ ಆಚೆ ಬದಿಗೆ ಹೋಗಿ ನಿಲ್ಲುತ್ತಾರೆ, ಕೆಳಗೆ ಬಗ್ಗಿದವರಿಗೆ ಮನೆಗಳ ಬೆನ್ನಷ್ಟೇ ಕಾಣುವಂತೆ.