ಎಡಗಡೆಯ ಪ್ಲಾಟ್‌ಫಾರಂ

"ನೀವು ಹತ್ತಿ, ನಾನು ಹಿಂದಿನ ಗಾಡೀಲಿ ಬರ್ತೀನಿ" ಅಂದಳು ಸಣ್ಣಮ್ಮ. ಅವಳು ನನ್ನ ಹೆಂಡತಿ. ಆಡಿದ ಕೊನೆಯ ಮಾತು ಅದೇ. ಜನ ನೂಕಿದರು. ನಾನು ಗಾಡಿಯೊಳಗೆ ಬಿದ್ದೆ. ಅವಳು ಹಳಿಯ ಮೇಲೆ ಬಿದ್ದಳು.

ಹನ್ನೊಂದನೇ ದಿನದ ಕಾರ್ಯ ಮುಗಿಯಿತು. ಮನೆಯಲ್ಲಿ ಕೂರಲು ಆಗಲಿಲ್ಲ. ಏಳುತ್ತಿದ್ದೆ, ಬಾಗಿಲಿಗೆ ಹೋಗುತ್ತಿದ್ದೆ, ಮತ್ತೆ ಒಳಗೆ ಬರುತ್ತಿದ್ದೆ. ಆಗ ಬೀದಿಯಲ್ಲಿ ಡಂಗುರ ಕೇಳಿಸಿತು.

"ಕೇಳ್ರಪ್ಪೋ ಕೇಳಿ! ಕಂಚಿನಪಟ್ಟಣದ ಮಹಾರಾಜರ ಅಪ್ಪಣೆ! ರೈಲುಗಳು ಊರಬಾಗಿಲಲ್ಲೇ ನಿಂತು ಕೂಗ್ತಾವೆ. ನಿಲ್ದಾಣದಲ್ಲಿ ಜನ ನುಗ್ಗಿ ಸಾಯ್ತಾರೆ. ಅಜ್ಜಿರಾಣಿಯವರು ಮೂರು ಒಗಟು ಕೇಳ್ತಾರೆ. ಬಿಡಿಸಿದವನು ಹೇಳಿದ ಹಾಗೆ ನಿಲ್ದಾಣ ನಡೀತದೆ. ತಪ್ಪಿದವನ ತಲೆ ಹೋಗ್ತದೆ!"

ನನ್ನ ಹೆಸರು ಗಿರಿಯ. ಕೆಲಸ ಗಾಲಿ ಬಡಿಯೋದು. ಗಾಡಿ ನಿಂತಾಗ ಒಂದೊಂದು ಗಾಲಿಗೂ ಸುತ್ತಿಗೆಯಿಂದ ಬಡಿದು ಸದ್ದು ಕೇಳಬೇಕು. ಬಿರುಕಿದ್ದರೆ ಒಡೆದ ಮಡಕೆಯ ಸದ್ದು ಬರುತ್ತದೆ. ನನಗೆ ಗೊತ್ತಿರೋದು ಅಷ್ಟೇ. ಆದರೂ ಅರಮನೆಗೆ ಹೋದೆ. ಇನ್ನೊಬ್ಬರ ಮನೆಯವಳು ಹಾಗೆ ಬೀಳಬಾರದು.

ನನಗಿಂತ ಮುಂದೆ ಇಬ್ಬರು ನಿಂತಿದ್ದರು. ಒಬ್ಬ ಮಂತ್ರಿಯ ಅಳಿಯ, ಇನ್ನೊಬ್ಬ ಆಸ್ಥಾನದ ಜೋಯಿಸ. ಅಜ್ಜಿರಾಣಿ ಅಂದರೆ ರಾಜನ ಅಪ್ಪನ ತಾಯಿ. ಬಿಳೀ ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದಳು.

"ಹಳಿ ಇದೆ, ಬೆಂಕಿ ಇದೆ, ನೀರಿದೆ. ಆದರೂ ಗಾಡಿ ಊರೊಳಗೆ ಬರೋದಿಲ್ಲ. ಅದನ್ನ ಹಿಡಿದು ನಿಲ್ಲಿಸಿರೋರು ಯಾರು?" ಎಂದು ಕೇಳಿದಳು.

"ಸಿಗ್ನಲ್ಲಿನ ಕೈಕಂಬ ಇಳಿಸೋ ಸೋಮಾರಿ!" ಅಂದ ಅಳಿಯ.

"ಅವನು ರಾತ್ರಿಹಗಲು ದುಡೀತಾನೆ. ತಪ್ಪು."

ಅಳಿಯನನ್ನು ಕಂಬಕ್ಕೆ ಕಟ್ಟಿದರು. ಜೋಯಿಸ ಬೆರಳು ಮಡಿಸಿ ಎಣಿಸಿದ. "ಶನಿ, ಮಹಾತಾಯಿ. ಶಾಂತಿ ಮಾಡಿಸಬೇಕು."

"ನಿನ್ನ ದಕ್ಷಿಣೆಗೆ ಶಾಂತಿ. ತಪ್ಪು."

ಅವನನ್ನೂ ಕಟ್ಟಿದರು. ಹೊರಗೆ ನಿಂತ ಗಾಡಿ ಕೂಗಿತು. ಅದರ ಹಿಂದೆ ಇನ್ನೊಂದು ಕೂಗಿತು.

"ಲೇ ಗಾಲಿಯವನೇ, ನಿನ್ನ ತಲೆ ನಿನಗೆ ಭಾರವಾ?" ಅಂದ ರಾಜ.

"ಹನ್ನೊಂದು ದಿನದಿಂದ ಭಾರವೇ, ಸ್ವಾಮಿ" ಅಂದೆ. ಅಜ್ಜಿಯ ಕಡೆ ತಿರುಗಿದೆ. "ಇಳಿಯೋರೂ ಹತ್ತೋರೂ ಸೇರಿ ನಿಲ್ಲಿಸಿದ್ದಾರೆ ಅವ್ವ. ಇಬ್ಬರಿಗೂ ಒಂದೇ ಬಾಗಿಲು. ಇವನು ಸರಿಯದೆ ಅವನು ಇಳಿಯಲ್ಲ, ಅವನು ಇಳಿಯದೆ ಇವನು ಹತ್ತಲ್ಲ. ಮುಂದಿನ ಗಾಡಿ ಹೊರಡದೆ ಹಿಂದಿನದು ಬರೋದೆಲ್ಲಿಗೆ?"

ಅಜ್ಜಿ ನನ್ನನ್ನೇ ನೋಡಿದಳು. "ಸರಿ. ಇನ್ನೊಂದು ಕೇಳು. ಒಬ್ಬಳೇ ತಾಯಿ. ಅವಳ ಎರಡು ಪಕ್ಕಕ್ಕೆ ಇಬ್ಬರು ಮಕ್ಕಳು ಮಲಗಿದ್ದಾರೆ. ಒಬ್ಬನ ಎದೆಯನ್ನ ಊರೆಲ್ಲ ತುಳೀತದೆ. ಇನ್ನೊಬ್ಬನ ಎದೆ ಮೇಲೆ ಹುಲ್ಲು ಬೆಳೀತದೆ. ಯಾರವರು?"

"ಪ್ಲಾಟ್‌ಫಾರಂ. ತಾಯಿ ಅಂದರೆ ಹಳಿ. ಬಲಗಡೆಯದು ಎಲ್ಲರಿಗೂ ಗೊತ್ತು. ಎಡಗಡೆಯೂ ಅಷ್ಟೇ ಉದ್ದದ್ದು ಒಂದು ಬಿದ್ದಿದೆ. ಗಾಡಿಗಳ ಆ ಕಡೆ ಬಾಗಿಲಿಗೆ ಮೊಳೆ ಹೊಡೆದಿದ್ದಾರೆ, ಕಿಟಕಿ ಮುಚ್ಚಿದ್ದಾರೆ. ಗಾಲಿ ಬಡಿಯೋನು ಎರಡೂ ಪಕ್ಕ ಬಡೀಬೇಕಲ್ಲ ಅವ್ವ. ದಿನಾ ಅಲ್ಲಿ ಕೂತೇ ರೊಟ್ಟಿ ತಿಂತೀನಿ."

ಸಭೆಯಲ್ಲಿ ಗುಜುಗುಜು ಎದ್ದಿತು. ಅಜ್ಜಿಯ ದನಿ ಸಣ್ಣಗಾಯಿತು.

"ಕಬ್ಬಿಣವಿಲ್ಲದ ಬೀಗ. ಹಾಕಿದವರು ಸತ್ತು ನಲವತ್ತು ವರ್ಷ. ಕಾವಲಿಲ್ಲ. ಆದರೂ ಯಾರೂ ತೆಗೆಯಲ್ಲ. ಯಾವುದು ಆ ಬೀಗ?"

ಉತ್ತರ ಗೊತ್ತಿತ್ತು. ಹೇಳಿದರೂ ತಲೆ ಹೋಗಬಹುದು. ಹೊರಗೆ ಮೂರನೇ ಗಾಡಿಯೂ ಕೂಗಿತು.

"ನಿಮ್ಮ ಯಜಮಾನರ ಮಾತು, ಅವ್ವ" ಅಂದೆ.

ರಾಜ ಕತ್ತಿಗೆ ಕೈ ಹಾಕಿದ. "ನಮ್ಮಜ್ಜನ ಹೆಸರೆತ್ತುತ್ತೀಯಾ!"

"ಅವನು ಹೇಳಲಿ ಬಿಡು" ಅಂದಳು ಅಜ್ಜಿ.

"ಮೊದಲ ಗಾಡಿ ಬಂದ ದಿನ ದೊಡ್ಡ ಮಹಾರಾಜರು ಎಡಗಡೆ ಇಳಿದರು, ಜಾರಿ ಬಿದ್ದರು. ಎಡಗಡೆ ಕೇಡು ಅಂದರು. ಅವತ್ತಿಂದ ಊರಿಗೂರೇ ಹೊಸ ಸೊಸೆ ಹೊಸ್ತಿಲು ದಾಟಿದ ಹಾಗೆ ಬಲಗಡೆ, ಬಲಗಾಲಿಟ್ಟೇ ಇಳೀತದೆ. ಆದರೆ ಅವತ್ತು ನಮ್ಮಪ್ಪ ಅಲ್ಲೇ ಇದ್ದ. ಅದು ಕೇಡಲ್ಲ ಸ್ವಾಮಿ. ಹೊಸ ಪಾದುಕೆ. ಅದರ ಅಡಿಗೆ ಬಳಿದ ಎಣ್ಣೆ ಒರೆಸಿರಲಿಲ್ಲ."

ಅಜ್ಜಿ ಮೊದಲು ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹಳೇದೇ ಹಾಕ್ಕೊಳ್ಳಿ ಅಂತ ಬಡಕೊಂಡೆ. ಕೇಳಿದರಾ?" ಅಂದಳು. "ಅವರ ಮಾತು ತಪ್ಪು ಅನ್ನೋಕೆ ನನಗೆ ಬಾಯಿ ಬರಲಿಲ್ಲ, ಮಗ. ಮೊನ್ನೆ ಯಾರೋ ಹೆಣ್ಣುಮಗಳು ಹಳಿಗೆ ಬಿದ್ದಳು ಅಂತ ಕೇಳಿದೆ. ಅದಕ್ಕೇ ಒಗಟು ಮಾಡಿದೆ."

ಆ ಹೆಣ್ಣುಮಗಳು ಯಾರು ಅಂತ ನಾನು ಹೇಳಲಿಲ್ಲ.

ರಾಜ ಕತ್ತಿ ಬಿಟ್ಟ. "ಮೂರೂ ಸರಿ. ಇವತ್ತಿಂದ ನಿಲ್ದಾಣದ ಯಜಮಾನ ನೀನೇ. ಮತ್ತೇನು ಬೇಕು?"

"ಈ ಇಬ್ಬರ ತಲೆ ಅವರಿಗೇ ಬಿಡಿ. ಬಲಗಡೆ ಹತ್ತಲಿ, ಎಡಗಡೆ ಇಳಿಯಲಿ."

"ಇಳೀತಾರಾ ಜನ?"

"ನೋಡಬೇಕು, ಸ್ವಾಮಿ."

ಸಂಜೆಯೊಳಗೆ ಬಡಗಿಗಳು ಮೊಳೆ ಕಿತ್ತರು. ನಾನೂ ಆಳುಗಳ ಜೊತೆ ಹುಲ್ಲು ಕೊಯ್ದೆ.

ಮರುದಿನ ಬೆಳಗ್ಗೆ ಊರಬಾಗಿಲಿಗೆ ಹೋಗಿ, ಮೊದಲ ಗಾಡಿ ಹತ್ತಿ ನಿಲ್ದಾಣಕ್ಕೆ ಬಂದೆ. ಎಡಗಡೆಯ ಬಾಗಿಲುಗಳು ತೆರೆದವು. ಒಬ್ಬರೂ ಕದಲಲಿಲ್ಲ. "ನೀನಿಳಿಯಪ್ಪ" ಅಂದ ಒಬ್ಬ. "ನನಗೆ ಮನೇಲಿ ಮಕ್ಕಳಿದಾವೆ, ನೀನೇ ಇಳಿ" ಅಂದ ಇನ್ನೊಬ್ಬ. ಬಲಗಡೆ ಹತ್ತುವವರು ನೂಕತೊಡಗಿದರು. ಮೊಸರು ಮಾರುವ ಹೆಂಗಸೊಬ್ಬಳು ನಡುವೆ ಸಿಕ್ಕಿಕೊಂಡು ಕೂಗಿದಳು.

ನಾನು ಎಡಗಾಲಿಟ್ಟು ಇಳಿದೆ. ತಿರುಗಿ ಕೈ ಚಾಚಿದೆ.

"ಗಡಿಗೆ ಇಲ್ಲಿ ಕೊಡವ್ವ. ನೀನೂ ಇಳಿ."

ಅವಳು ನನ್ನ ಕಾಲು ನೋಡಿದಳು. ಗಡಿಗೆ ಕೊಟ್ಟಳು. ಇಳಿದಳು. ಅವಳ ಹಿಂದೆ ಒಬ್ಬ ಮುದುಕ ಬಂದ. ಗಾಡಿ ಖಾಲಿಯಾಗುವವರೆಗೂ ಕೈ ನೀಡುತ್ತಾ ನಿಂತೆ.