ನೂರಕ್ಕೆ ಒಬ್ಬ

"ಜೀವಕ್ಕೆ ಬೆಲೆ ಕಟ್ಟೋಕಾಗಲ್ಲ ಅಂತ ಯಾರಂದರು ಪ್ರಭು? ನಾನು ಕಟ್ಟಿದ್ದೀನಿ!" ಎಂದು ಸುಂಕದ ಅಧಿಕಾರಿ ಲಿಂಗರಸ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಹೊನ್ನಗುಡ್ಡದ ಸುತ್ತಲ ಹಳ್ಳಿಗಳಿಗೆಲ್ಲ ವಾಂತಿಭೇದಿ ಬಡಿದಿತ್ತು. ದೊರೆ ರಂಗಪ್ಪನಾಯಕ ಕೋಟೆ ಬಾಗಿಲು ಹಾಕಿಸಿ, ವಾರದ ಸಂತೆ ನಿಲ್ಲಿಸಿ ಐದು ವಾರವಾಗಿತ್ತು. ಊರೊಳಗೆ ಒಬ್ಬರೂ ಸತ್ತಿರಲಿಲ್ಲ. ಲಿಂಗರಸನಿಗೆ ಅದೇ ಸಂಕಟ. ಸತ್ತಿದ್ದರೆ ಎಣಿಸಬಹುದಿತ್ತು; ಸಾಯದೆ ಉಳಿದವರನ್ನು ಎಣಿಸುವುದು ಹೇಗೆ, ಪಾಪ!

"ಒಂದು ಸಂತೆಗೆ ಮುನ್ನೂರು ವರಹ ಸುಂಕ ಖೋತಾ! ಹಮಾಲರಿಗೆ ಕೂಲಿಯಿಲ್ಲ, ಹೊಟ್ಟೆಗಿಲ್ಲ. ಅವರ ಕಷ್ಟ ನೆನೆದರೆ ನನಗೆ ಅನ್ನ ಇಳಿಯಲ್ಲ," ಎಂದು ತನ್ನ ಡೊಳ್ಳುಹೊಟ್ಟೆ ಸವರಿಕೊಂಡ. "ಬಾಗಿಲು ತೆಗೆದರೆ ಸಾಯೋದು ಎಷ್ಟು? ನೂರಕ್ಕೆ ಒಬ್ಬ. ಅವನೂ ಮುದುಕ!"

ಆಸ್ಥಾನದ ವಿದೂಷಕ ಚೌಡಪ್ಪನಿಗೆ ಮೈಯೆಲ್ಲ ಉರಿಯಿತು. ಹಮಾಲರ ಕೇರಿಯಲ್ಲಿ ಒಲೆ ಹತ್ತಿರಲಿಲ್ಲ, ಅದು ನಿಜವೇ. ಅವನು ಕಣ್ಣಾರೆ ಕಂಡಿದ್ದ. ಆದರೆ ಬಾಗಿಲು ತೆಗೆದರೆ ಹೊರಗಿನ ಮೂಟೆಗೆ ಮೊದಲು ಹೆಗಲು ಕೊಟ್ಟು ಮೊದಲು ಮಲಗುವವರೂ ಅವರೇ.

ದೊರೆ ಗಡ್ಡ ಕೆರೆದುಕೊಂಡ. "ಚೌಡಪ್ಪ, ಒಂದು ಜೀವಕ್ಕೆ ಎಷ್ಟು ವರಹ? ನಾಳೆ ಬೆಳಗ್ಗೆ ನನಗೆ ಲೆಕ್ಕ ಬೇಕು. ಸುಂಕಕ್ಕಿಂತ ಕಡಿಮೆಯಾದರೆ ಬಾಗಿಲು ತೆಗೆಸಿಬಿಡ್ತೀನಿ."

"ನಾನ್ಯಾಕೆ ಪ್ರಭು? ಲಿಂಗರಸರಂಥ ಪಂಡಿತರೇ ಇರುವಾಗ! ಅವರ ಬಾಯಿಂದಲೇ ಹೇಳಿಸ್ತೀನಿ. ನಾಳೆ ಸಂತೆಯ ದಿನ, ಕೋಟೆ ಬಾಗಿಲಿಗೆ ದಯಮಾಡಿಸಿ."

ಹೊನ್ನಗುಡ್ಡದಲ್ಲೊಂದು ಪದ್ಧತಿ. ನಿಂತ ಸಂತೆ ಮತ್ತೆ ಶುರುವಾಗುವ ದಿನ, ಮೊದಲು ಬಂದ ವ್ಯಾಪಾರಿ ತನ್ನ ಕೈಯಾರೆ ಸುಣ್ಣ ಹಚ್ಚಿ ಮಡಿಸಿಕೊಟ್ಟ ವೀಳ್ಯವನ್ನು ಸುಂಕದ ಅಧಿಕಾರಿ ಎಲ್ಲರೆದುರು ಜಗಿಯಬೇಕು. ಆಮೇಲೆಯೇ ಸುಂಕ ವಸೂಲಿ.

ಮರುದಿನ ಅರೆತೆರೆದ ಬಾಗಿಲಾಚೆ ಹತ್ತು ಮಾರು ದೂರದಲ್ಲಿ, ಚೌಡಪ್ಪ ಹೇಳಿಕಳಿಸಿದ್ದ ಕಗ್ಗೆರೆಯ ಮೆಣಸಿನಕಾಯಿ ವ್ಯಾಪಾರಿಯೊಬ್ಬ ವೀಳ್ಯ ಹಿಡಿದು ನಿಂತಿದ್ದ.

"ಕಗ್ಗೆರೆಯೇ? ಅಲ್ಲಿ ವಾಂತಿಭೇದಿಯಂತೆ!" ಲಿಂಗರಸ ಹಿಂದೆ ಸರಿದ.

"ಅಂತೆ ಏನು ಬಂತು ಸ್ವಾಮಿ, ಮನೆಮನೆಯಲ್ಲೂ ಇದೆ," ಎಂದ ಚೌಡಪ್ಪ. " ಆದರೆ ನೂರಕ್ಕೆ ಒಬ್ಬ ತಾನೇ? ಧೈರ್ಯವಾಗಿ ಜಗೀರಿ!"

"ನನ್ನ ಬದಲು ಈ ಕಾವಲಿನವನು ಜಗೀಲಿ!"

"ನಮ್ಮವ್ವಂಗೆ ನಾನೊಬ್ಬನೇ ಮಗ, ಬುದ್ಧೀ," ಎಂದು ಕಾವಲಿನವನು ಬಾಯಿ ಮುಚ್ಚಿಕೊಂಡ.

"ಹಾಗಾದರೆ ತಪ್ಪುಕಾಣಿಕೆ ಕೊಟ್ಟು ಬಿಡಿಸಿಕೊಳ್ಳಿ," ಎಂದ ಚೌಡಪ್ಪ. "ಎಷ್ಟು ಕೊಡ್ತೀರಿ?"

"ಹತ್ತು ವರಹ."

"ಹತ್ತಿರ ಬಾರಪ್ಪ ವ್ಯಾಪಾರಿ!" ವ್ಯಾಪಾರಿ ಒಂದು ಹೆಜ್ಜೆ ಮುಂದಿಟ್ಟ.

"ನೂರು!"

ಇನ್ನೊಂದು ಹೆಜ್ಜೆ.

"ಸಾವಿರ! ಸಾವಿರ ಕೊಡ್ತೀನಿ, ಅವನನ್ನ ಅಲ್ಲೇ ನಿಲ್ಲಿಸೋ ಮಾರಾಯ!"

ಚೌಡಪ್ಪ ದೊರೆಯತ್ತ ತಿರುಗಿದ. "ಕೇಳಿದಿರಾ ಪ್ರಭು? ಜೀವದ ನೂರರಲ್ಲೊಂದು ಪಾಲು ಉಳಿಸಿಕೊಳ್ಳೋಕೆ ಸಾವಿರ ವರಹ. ಇಡೀ ಜೀವಕ್ಕೆ ಲಕ್ಷವಾಯ್ತು. ಆರು ವರ್ಷ ಸಂತೆ ಮುಚ್ಚಿ ಒಂದೇ ಒಂದು ಜೀವ ಉಳಿದರೂ ಬೊಕ್ಕಸಕ್ಕೆ ಲಾಭವೇ! ಇನ್ನು, ಇಷ್ಟು ದುಬಾರಿ ಜೀವಗಳನ್ನ ಒಳಗೆ ಕೂಡಿಹಾಕಿ ಉಪವಾಸ ಕೊಲ್ಲೋದು ಯಾವ ಲೆಕ್ಕ, ಅದನ್ನ ತಾವೇ ಹೇಳಬೇಕು."

ದೊರೆಯ ನಗು ಅರ್ಧಕ್ಕೇ ನಿಂತಿತು. "ಬಾಗಿಲು ಮುಚ್ಚಿಯೇ ಇರಲಿ," ಎಂದ. "ಮುಚ್ಚಿರುವಷ್ಟು ದಿನ ಹಮಾಲರಿಗೆ ಅರಮನೆ ಕಣಜದಿಂದ ರಾಗಿ ಹೋಗಲಿ. ಲಿಂಗರಸ ಕೂಗಿದ ಸಾವಿರ ವರಹವೂ ಅದಕ್ಕೇ."

"ಅನ್ಯಾಯ ಪ್ರಭು!" ಲಿಂಗರಸ ಬಾಯಿ ಬಡಿದುಕೊಂಡ. "ಲಕ್ಷ ಅನ್ನೋದು ನನ್ನಂಥವನ ಜೀವದ ಬೆಲೆ. ಮೂಟೆ ಹೊರೋ ಹಮಾಲನಿಗೂ ಅದೇ ಬೆಲೆಯೇ?"

ಚೌಡಪ್ಪ ಬಹಳ ವಿನಯದಿಂದ ಕೈಮುಗಿದ.

"ಖಂಡಿತ ಅಲ್ಲ ಸ್ವಾಮಿ, ಈ ಒಂದು ಮಾತು ನಾನು ಒಪ್ಪಿದೆ. ಹಮಾಲ ಸತ್ತರೆ ಅವನ ಮೂಟೆ ಹೊರೋಕೆ ಯಾರೂ ಮುಂದೆ ಬರಲ್ಲ. ತಮ್ಮ ಜಾಗಕ್ಕೆ, ತಾವು ಬದುಕಿರುವಾಗಲೇ ಹನ್ನೆರಡು ಮಂದಿ ಅರ್ಜಿ ಕೊಟ್ಟಾಗಿದೆ."